ಸೇಂಟ್ ಮೇರೀಸ್ ದ್ವೀಪದಲ್ಲಿ ಹಕ್ಕಿಗಳು ಕಾಣುತ್ತಾ?

ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಒಂದು ದಿನದ ಮಟ್ಟಿಗೆ ಹೋದ್ರೆ ಆ ಕಂಬದಂಥ ಕಲ್ಲುಗಳು ಬಿಟ್ಟು ಹಕ್ಕಿಗಳೂ ಕಾಣ್ತಾವಾ ಅಂತ ಕೇಳಿದೀರಿ. ಖಂಡಿತ ಕಾಣ್ತಾವೆ, ಆದ್ರೆ ಇಳಿತದ ಟೈಮ್ ನೋಡ್ಕೊಂಡು ಹೋಗಿ. ಹುಣ್ಣಿಮೆ, ಅಮಾವಾಸ್ಯೆ ದಿನ ಮಧ್ಯಾಹ್ನದ ಹೊತ್ತಿಗೆ ನೀರು ಏರಿ ಅಂಚಿನ ಬಂಡೆಗಳೆಲ್ಲ ಮುಳುಗಿರ್ತವೆ, ಹಕ್ಕಿ ಕೂರೋಕೆ ಜಾಗಾನೇ ಇರಲ್ಲ. ನಾವು ಹೋಗಿದ್ದು ಜನವರೀಲಿ, ಹುಣ್ಣಿಮೆ ಆಗಿ ಐದನೇ ದಿನ, ಹತ್ತು ಗಂಟೆ ಸುಮಾರಿಗೆ ಒಳ್ಳೆ ಇಳಿತ ಸಿಕ್ತು.

ಬೋಟ್ ಹತ್ತೋ ಮುಂಚೆ ಬಂದರಲ್ಲಿ ಒಂದರ್ಧ ಗಂಟೆ ನಿಲ್ಲಿ. ಮೀನು ಇಳಿಸೋ ಕಡೆ ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆಯ ಗರುಡಗಳು ತಲೆ ಮೇಲೇ ಸುತ್ತುತ್ತಿರ್ತವೆ, ಜೊತೆಗೆ ಬ್ರೌನ್ ಹೆಡೆಡ್ ಗಲ್ ಅನ್ನೋ ಕಡಲ ಹಕ್ಕಿಗಳು. ಹೆಸರಲ್ಲಿ ಬ್ರೌನ್ ಅಂತಿದ್ರೂ ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಅಷ್ಟೇ. ಲಡಾಖ್, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ ಇಲ್ಲೀವರೆಗೂ ಬರೋ ಹಕ್ಕಿ ಅದು, ದಯವಿಟ್ಟು ಬೋಟಿಂದ ಚಿಪ್ಸ್ ಎಸೀಬೇಡಿ.

ದ್ವೀಪದಲ್ಲಿ ಇಳಿದವರೆಲ್ಲ ಫೋಟೋಗೆ ಅಂತ ಒಂದೇ ಕಡೆ ಸೇರ್ತಾರೆ, ನೀವು ಸ್ವಲ್ಪ ದೂರ ಹೋಗಿ ಸುಮ್ನೆ ಕೂತ್ಕೊಳ್ಳಿ. ಸುಮಾರು 8.8 ಕೋಟಿ ವರ್ಷ ಹಳೇ ಲಾವಾ ಕಂಬಗಳು, ಇಳಿತದಲ್ಲಿ ಅವುಗಳ ಸಂದೀಲಿ ನೀರು ನಿಂತು ಚಿಕ್ಕ ಚಿಕ್ಕ ಹೊಂಡ ಆಗಿರುತ್ತೆ, ಅದರಲ್ಲಿ ಸಿಕ್ಕಿಹಾಕ್ಕೊಂಡ ಮೀನಿಗೆ ರೀಫ್ ಹೆರಾನ್ ಅನ್ನೋ ಬಕ ಬಂದಿತ್ತು. ಕಲ್ಲಿನ ಬಣ್ಣದ್ದೇ ಬೂದು ಮೈ, ಗಂಟಲು ಮಾತ್ರ ಬಿಳಿ, ಅಲ್ಲಾಡೋವರೆಗೂ ಅಲ್ಲಿ ಹಕ್ಕಿ ಇದೆ ಅಂತಾನೇ ನಂಗೆ ಗೊತ್ತಾಗಿರಲಿಲ್ಲ. ಸ್ವಲ್ಪ ಆಚೆ ಅದೇ ಜಾತಿಯ ಪೂರ್ತಿ ಬಿಳೀದು ಇನ್ನೊಂದು. ನೀರಂಚಲ್ಲಿ ಟರ್ನ್‌ಸ್ಟೋನ್ ಅನ್ನೋ ಚಿಕ್ಕ ಹಕ್ಕಿ ನಾಲ್ಕು, ಕೊಕ್ಕಲ್ಲಿ ಚಿಪ್ಪು ಮಗುಚಿ ಮಗುಚಿ ಅಡಿಯಲ್ಲಿದ್ದ ಹುಳ ಹೆಕ್ಕುತ್ತಿದ್ವು, ಬಂಡೆ ಏಡಿಗಳು ಅವನ್ನ ಕಂಡು ಸಂದಿಗೆ ಓಡೋದು.

ಹನ್ನೊಂದರ ಮೇಲೆ ಬಿಳಿ ಹೊಟ್ಟೆ ಕಡಲ ಹದ್ದು ಬಂತು. ಗರುಡಕ್ಕಿಂತ ತುಂಬಾ ದೊಡ್ಡದು, ರೆಕ್ಕೆ ಮೇಲಕ್ಕೆತ್ತಿ ತೇಲುತ್ತೆ, ಬಾಲ ಗಿಡ್ಡ. ಕಾಲಲ್ಲಿ ಉದ್ದಕ್ಕೆ ಏನೋ ನೇತಾಡ್ತಿತ್ತು, ಬೈನಾಕ್ಯುಲರ್ ಹಿಡಿದ್ರೆ ಕಡಲ ಹಾವು! ಮೈ ಜುಮ್ಮಂತು.

ನವೆಂಬರಿಂದ ಫೆಬ್ರವರಿ ಒಳಗೆ ಹೋಗಿ, ಮಳೆಗಾಲದಲ್ಲಿ ಬೋಟ್ ಇರಲ್ಲ. ಪಾಚಿ ಹಿಡಿದ ಕಂಬ ಮಾತ್ರ ಹತ್ಬೇಡಿ, ವಿಪರೀತ ಜಾರುತ್ತೆ.