ಲೈಸೆನ್ಸ್ ರೈಫಲ್‌ಗೆ ತೋಟಾಗಳನ್ನು ಮನೆಯಲ್ಲೇ ಮದ್ದು, ಗುಂಡು ತುಂಬಿ ತಯಾರಿಸಿಕೊಂಡರೆ ಗುರಿ ನಿಖರವಾಗುತ್ತಾ?

ಆಗಬಹುದು, ಆದರೆ ಕಲಬುರಗಿಯಲ್ಲಿ ಕೂತು ಆ ಉಸಾಬರಿಗೆ ಹೋಗಬೇಡಿ. ತಯಾರಿಕೆಯ ಪರವಾನಗಿ ಇಲ್ಲದೆ ತೋಟಾ ತುಂಬುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ರೈಫಲ್ ಲೈಸೆನ್ಸ್ ಅದಕ್ಕೆ ಸಾಲದು. ತೊಗರಿ ಹೊಲಕ್ಕೆ ಹಂದಿ ನುಗ್ಗಿದರೂ ಗುಂಡು ಹಾರಿಸುವ ಮೊದಲು ಅರಣ್ಯ ಇಲಾಖೆಯನ್ನೇ ಕೇಳಬೇಕು.

ವಿದೇಶದಲ್ಲಿ ಹಾಗೆ ತುಂಬುವವರ ಗುಟ್ಟು ಇಷ್ಟೇ: ಪ್ರತಿ ತೋಟಾದಲ್ಲೂ ಮದ್ದು, ಗುಂಡಿನ ತೂಕ, ಗುಂಡು ಕೂತ ಆಳ ಒಂದೇ ಸಮ ಇರಬೇಕು. ನೀವು ಅಂಗಡಿಯ ತೋಟಾ ಡಬ್ಬಿ ಮೇಲಿನ ಲಾಟ್ ನಂಬರ್ (ಒಂದೇ ಸಲ ತಯಾರಾದ ಕಂತಿನ ಸಂಖ್ಯೆ) ನೋಡಿ ಒಂದೇ ಲಾಟ್ ಕೊಳ್ಳಿ. ಶೂಟಿಂಗ್ ರೇಂಜಿನಲ್ಲಿ ಮರಳುಚೀಲದ ಮೇಲೆ ರೈಫಲ್ ಇಟ್ಟು ಐದೈದು ಹಾರಿಸಿ, ಬ್ಯಾರೆಲ್ ಆರಲು ಬಿಡಿ, ತೂತುಗಳ ನಡುವಿನ ಅಂತರ ಅಳೆಯಿರಿ. ನಮ್ಮ ಮೇ ಬಿಸಿಲಲ್ಲಿ ಡಬ್ಬಿಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿರೋ, ಮದ್ದು ಕಾದು ಒತ್ತಡ ಏರುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ.