ರಾಕೆಟ್ ಮೋಟಾರು ಕೊಳ್ಳುವ ಸರ್ಕಾರ ಏನನ್ನು ನೋಡಬೇಕು?

ನಮಸ್ಕಾರ ಸರ್. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಕಟ್ಟುವ ಕೆಲಸ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಜೋಡಿಗೆ ಹೋಗಿದೆಯಲ್ಲ, ಕಂಪನಿಯೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟ ಮೇಲೆ ಸರ್ಕಾರದವರು ಮತ್ತೆ ನೋಡುವುದು ಯಾಕೆ ಅಂತ ಕೇಳಿದ್ದೀರಿ. 1986ರಲ್ಲಿ ಅಮೆರಿಕದ ಬಾಹ್ಯಾಕಾಶ ಷಟಲ್ ಚಾಲೆಂಜರ್ ಒಡೆದುಹೋದ ದುರಂತವನ್ನು ಒಮ್ಮೆ ನೋಡಿ.

ಷಟಲ್‌ನ ಬೂಸ್ಟರ್ ಮೋಟಾರುಗಳನ್ನು ಮಾಡುತ್ತಿದ್ದದ್ದು ಯೂಟಾದ ಥಿಯೋಕಾಲ್ ಕಂಪನಿ. ಮೇಲ್ವಿಚಾರಣೆ ನಾಸಾದ ಮಾರ್ಷಲ್ ಕೇಂದ್ರದ್ದು. ಮೋಟಾರಿನ ತುಂಡುಗಳು ರೈಲಿನಲ್ಲಿ ಫ್ಲಾರಿಡಾಕ್ಕೆ ಬಂದು ಅಲ್ಲಿ ಜೋಡಣೆಯಾಗುತ್ತಿದ್ದವು. ಉರಿ ಅನಿಲ ಹೊರಗೆ ಸೋರದಂತೆ ಒಂದೊಂದು ಜೋಡಣೆಗೂ ಸುಮಾರು 7 ಮಿ.ಮೀ. ದಪ್ಪದ ಎರಡು ರಬ್ಬರ್ ಬಳೆ, ಅಂದರೆ ಓ-ರಿಂಗ್. ಒಳಗೆ ಒತ್ತಡ ಏರಿದಾಗ ಲೋಹ ಬಾಗಿ ಸಂದಿ ಬಿಡುತ್ತದೆ ಅನ್ನುವುದು 1977ರಲ್ಲೇ ಗೊತ್ತಾಗಿತ್ತು. ಎರಡನೇ ರಿಂಗನ್ನು ನಂಬುವಂತಿಲ್ಲ ಅಂತ 1982ರಲ್ಲಿ ಕಡತದಲ್ಲೂ ಬರೆದರು. ಮರುವರ್ಷ ಅದಕ್ಕೆ ವಿನಾಯಿತಿ ಕೊಟ್ಟು ಹಾರಾಟ ಮುಂದುವರಿಸಿದರು.

ಇನ್ನೊಂದು ವಿಷಯವನ್ನು ಗಮನಿಸಲೇಬೇಕು. ರಿಂಗ್ ಸರಿಯಾಗಿ ಕೂತಿದೆಯಾ ಅಂತ ನೋಡಲು ಎರಡು ರಿಂಗ್‌ಗಳ ನಡುವೆ ಒತ್ತಡ ಕೊಡುತ್ತಿದ್ದರು. ಮೊದಲು 50 ಪಿಎಸ್‌ಐ, ಆಮೇಲೆ 100, ಕೊನೆಗೆ 200. ಸಂದಿಯಲ್ಲಿ ಮೆತ್ತಿದ ಪುಟ್ಟಿಗೆ ಇದರಿಂದಲೇ ತೂತು ಬೀಳುತ್ತಿತ್ತು. ಉರಿ ಅನಿಲ ಆ ತೂತಿನಿಂದ ನೇರ ರಿಂಗಿಗೆ ಬಡಿಯುತ್ತಿತ್ತು. ಒತ್ತಡ ಏರಿಸಿದ ಮೇಲೆ ರಿಂಗ್ ಸುಟ್ಟ ಗುರುತುಗಳು ಜಾಸ್ತಿಯಾದವು. ಸರ್ಟಿಫಿಕೇಟ್‌ನಲ್ಲಿ ಮಾತ್ರ ಪರೀಕ್ಷೆ ಪಾಸು!

1985ರ ಜುಲೈನಲ್ಲಿ ಮಾರ್ಷಲ್‌ನ ಬೂಸ್ಟರ್ ಮುಖ್ಯಸ್ಥರೇ ಹಾರಾಟಕ್ಕೆ ತಡೆ ಹಾಕಿದರು. ಮುಂದಿನ ಹಾರಾಟಗಳಿಗೆ ಒಂದೊಂದಾಗಿ ಅವರೇ ಆ ತಡೆ ಸಡಿಲಿಸಿದರು. 1986ರ ಜನವರಿ 27ರ ರಾತ್ರಿ, ಇಷ್ಟು ಚಳಿಯಲ್ಲಿ ರಬ್ಬರ್ ಗಟ್ಟಿಯಾಗುತ್ತದೆ, ಉಡಾವಣೆ ಬೇಡ ಅಂತ ಥಿಯೋಕಾಲ್ ಎಂಜಿನಿಯರುಗಳು ಅಂದರು. ಆ ಮಾತಿಗೆ ನಾಸಾದವರು ಆಕ್ಷೇಪ ಎತ್ತಿದ ಮೇಲೆ ಕಂಪನಿಯ ಆಡಳಿತವೇ ಒಪ್ಪಿಗೆ ಕೊಟ್ಟಿತು. ಮರುದಿನ ಉಡಾವಣೆಯಾದ 73 ಸೆಕೆಂಡಿಗೆ ಷಟಲ್ ಒಡೆದು, ಅದರಲ್ಲಿದ್ದ 7 ಜನ ತೀರಿಕೊಂಡರು.

ಮಾರ್ಷಲ್‌ನಲ್ಲಿ ಗುಣಮಟ್ಟ ನೋಡುವ ವಿಭಾಗ ಇರಲಿಲ್ಲ ಅಂತಲ್ಲ. ಅದರ ಮುಖ್ಯಸ್ಥರು ವರದಿ ಒಪ್ಪಿಸಬೇಕಿದ್ದದ್ದು ಷಟಲ್ ಯಂತ್ರಭಾಗಗಳನ್ನು ರೂಪಿಸುವ ವಿಭಾಗದ ನಿರ್ದೇಶಕರಿಗೇ. ತಾವು ತಪಾಸಣೆ ಮಾಡಬೇಕಾದವರ ಕೈಕೆಳಗೇ ಇದ್ದವರು ಬೇಡ ಅಂತ ಗಟ್ಟಿಯಾಗಿ ಹೇಳುವುದು ಕಷ್ಟ, ಅಲ್ವಾ? ದುರಂತದ ನಂತರ ಅದೇ ವರ್ಷ ನಾಸಾ ಸುರಕ್ಷತೆ ಮತ್ತು ಗುಣಮಟ್ಟಕ್ಕೆ ಪ್ರತ್ಯೇಕ ಕಚೇರಿ ಮಾಡಿ, ಅದನ್ನು ನೇರ ನಾಸಾ ಮುಖ್ಯಸ್ಥರ ಕೆಳಗೆ ತಂದಿತು.

ಹಾಗಾಗಿ ನಮ್ಮಲ್ಲಿ ಯಾವುದೇ ಮೋಟಾರು ಖರೀದಿಯ ಸುದ್ದಿ ಬಂದಾಗ ಸರ್ಟಿಫಿಕೇಟ್ ಇದೆಯಾ ಅಂತ ಸುಮ್ನೆ ಕೇಳಿ ಬಿಡಬೇಡಿ. ತಪಾಸಣೆಯವರು ಯಾರ ಕೈಕೆಳಗೆ ಇದ್ದಾರೆ? ವಿನಾಯಿತಿಗೆ ಸಹಿ ಹಾಕುವವರಿಗೂ ಉಡಾವಣೆ ದಿನದ ಹೊಣೆ ಇರುವವರಿಗೂ ಸಂಬಂಧ ಏನು? ಈ ದುರಂತದ ತನಿಖೆ ಮಾಡಿದ ರಾಜರ್ಸ್ ಆಯೋಗದ ವರದಿ ಓದುವುದಾದರೆ 7ನೇ ಅಧ್ಯಾಯದಿಂದಲೇ ಶುರು ಮಾಡಿ.