ಫ್ರೆಂಚ್ ಆರ್ಗನ್ ವಾದಕ ಲೂಯಿ ವಿಯೆರ್ನ್ ಅವರ ಜೀವನ ಹೇಗಿತ್ತು?
1870ರಲ್ಲಿ ಪ್ವಾತಿಯೆ ನಗರದಲ್ಲಿ ಬಹುತೇಕ ಕುರುಡರಾಗಿಯೇ ಜನಿಸಿದ ಲೂಯಿ ವಿಯೆರ್ನ್, ಬಾಲ್ಯದ ಶಸ್ತ್ರಚಿಕಿತ್ಸೆಯಿಂದ ಅಲ್ಪ ದೃಷ್ಟಿಯನ್ನಷ್ಟೇ ಪಡೆದು, ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಓದಿ, ಮುಂದೆ ಆರ್ಗನ್ ವಾದಕರೂ ಸಂಗೀತ ಸಂಯೋಜಕರೂ ಆಗಿದ್ದ ಸೆಸಾರ್ ಫ್ರಾಂಕ್ ಮತ್ತು ವಿಡೋರ್ ಅವರ ಶಿಷ್ಯರಾದರು. 1900ರಲ್ಲಿ ನೋತ್ರ್ ದಾಮ್ ಚರ್ಚಿನ ಆರ್ಗನ್ ವಾದಕರಾಗಿ ನೇಮಕಗೊಂಡ ಅವರು ಕೊನೆಯುಸಿರಿನವರೆಗೂ ಆ ಸ್ಥಾನದಲ್ಲಿದ್ದರು.

ಆರ್ಗನ್‌ಗಾಗಿ ಅವರು ರಚಿಸಿದ ಆರು ಸಿಂಫನಿಗಳೇ ಪ್ರಸಿದ್ಧವಾದರೂ, ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ ಮಗ ಜಾಕ್‌ನ ನೆನಪಿಗೆ ಬರೆದ ಪಿಯಾನೊ ಕ್ವಿಂಟೆಟ್‌ನಲ್ಲೇ (ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳ ಕೃತಿ) ಅವರ ಅಂತರಂಗ ಹೆಚ್ಚು ತೆರೆದುಕೊಂಡಿದೆ ಎಂಬುದು ನನ್ನ ಅಭಿಪ್ರಾಯ. ಅದೇ ಯುದ್ಧ ಅವರ ತಮ್ಮ ರೆನೆಯನ್ನೂ ಬಲಿ ತೆಗೆದುಕೊಂಡಿತು.

1937ರ ಜೂನ್ 2ರಂದು, ತಮ್ಮ 1,750ನೆಯ ಕಛೇರಿಯನ್ನು ನುಡಿಸುತ್ತಿದ್ದಾಗಲೇ, ಶಿಷ್ಯ ಮೊರಿಸ್ ದ್ಯುರುಫ್ಲೆ ಪಕ್ಕದಲ್ಲಿರುವಂತೆಯೇ, ಅವರು ನೋತ್ರ್ ದಾಮ್‌ನ ಆರ್ಗನ್ ಮುಂದೆಯೇ ಕುಸಿದು ನಿಧನರಾದರು.